ಬೀಡಿ ಬ್ರಾಂಚು, ಡೆಲಿವರಿ ಆ್ಯಪು: ಧಣಿ ಯಾರು?

ಇದು ಒಂದು ಸಭೆಯಲ್ಲಿ ನಾನು ಆಡಿದ ಮಾತು. ನನಗೆ ಕೊಟ್ಟ ವಿಷಯ ‘ತಂತ್ರಜ್ಞಾನ, ಆರ್ಥಿಕ ನೀತಿ ಮತ್ತು ದುಡಿಯುವವರ ಭದ್ರತೆ’. ಫೋನಿನಲ್ಲಿ ಕೇಳಿದಾಗಲೇ ಸ್ವಲ್ಪ ಭಯ ಆಯಿತು. ನಾನು ಅರ್ಥಶಾಸ್ತ್ರ ಓದಿದವನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ತಲೆ ಹಣ್ಣಾಗಿ ನಿವೃತ್ತನಾದವನು. ಹಾಗಾಗಿ ಮನೆಯಿಂದ ಒಂದು ಪುಸ್ತಕ ತಂದೆ. ಸಭೆಯಲ್ಲಿ ಅದು ಕೈಯಿಂದ ಕೈಗೆ ಹೋಯಿತು. ಓದುವ ನಿಮಗೆ ಮಾತಿನಲ್ಲೇ ತೋರಿಸಬೇಕು.

ಇದು ನಮ್ಮ ಅಮ್ಮನ ಬೀಡಿ ಪಾಸ್ ಬುಕ್. ಅಂಗೈಗಿಂತ ಸ್ವಲ್ಪ ದೊಡ್ಡದು. ರಟ್ಟಿನ ಮೂಲೆಗಳು ಬಟ್ಟೆಯ ಹಾಗೆ ಮೆತ್ತಗಾಗಿವೆ. ಮೂಸಿ ನೋಡಿದರೆ ಇವತ್ತಿಗೂ ಹೊಗೆಸೊಪ್ಪಿನ ವಾಸನೆ. ಒಳಗೆ ಸಣ್ಣ ಸಣ್ಣ ಕಾಲಂ: ತಾರೀಕು, ಕೊಟ್ಟ ಎಲೆ, ಕೊಟ್ಟ ಹೊಗೆಸೊಪ್ಪು, ಬಂದ ಬೀಡಿ, ಮಜೂರಿ, ಪಿಎಫ್ ಕಡಿತ. ಕೊನೆಯಲ್ಲಿ ಬ್ರಾಂಚಿನವರು ಎಳೆದ ಒಂದು ಗೀಟು. ಅದೇ ಸಹಿ. ಬಂಟ್ವಾಳದ ಹಳ್ಳಿಯ ಕಡೆ ‘ಬ್ರಾಂಚಿಗೆ ಹೋಗಿ ಬರ್ತೇನೆ’ ಅಂದರೆ ಯಾರೂ ಬ್ಯಾಂಕು ಅಂದುಕೊಳ್ಳುವುದಿಲ್ಲ. ಎಲೆ ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚು ಅಂತಲೇ ಅರ್ಥ.

ಬೀಡಿ ಕಟ್ಟುವುದನ್ನು ಇಲ್ಲಿರುವ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಎಲೆ ನಮ್ಮೂರಿನದಲ್ಲ. ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾದ ಕಾಡುಗಳಿಂದ ಬರುತ್ತದೆ. ಬ್ರಾಂಚಿನಲ್ಲಿ ಅದನ್ನು ತೂಕ ಮಾಡಿ ಕೊಡುತ್ತಾರೆ, ಇಷ್ಟು ಎಲೆಗೆ ಇಷ್ಟು ಸಾವಿರ ಬೀಡಿ ಬರಲೇಬೇಕು ಅಂತ ಲೆಕ್ಕ. ಸಂಜೆ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು. ಬೆಳಿಗ್ಗೆ ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ನಾರು ತೆಗೆಯುವುದು. ಆಮೇಲೆ ತೊಡೆಯ ಮೇಲೆ ಮೊರ, ನಮ್ಮ ಕಡೆ ತಡ್ಪೆ ಅನ್ನುತ್ತೇವೆ. ಒಂದು ಎಲೆ, ಒಂದು ಚಿಟಿಕೆ ಹೊಗೆಸೊಪ್ಪು, ಒಂದು ಸುತ್ತು, ಬಾಯಿ ಮಡಚಿ ಒತ್ತುವುದು, ಕೆಂಪು ನೂಲಿನ ಗಂಟು. ಅಮ್ಮ ದಿನಕ್ಕೆ 800 ಕಟ್ಟುತ್ತಿದ್ದಳು, ಮಳೆಗಾಲದಲ್ಲಿ ಗದ್ದೆ ಕೆಲಸ ಇದ್ದರೆ ಕಡಿಮೆ. ಮಾತಾಡುತ್ತಾ, ಬೈಯುತ್ತಾ, ನಮ್ಮ ಮಗ್ಗಿ ಕೇಳುತ್ತಾ ಕಟ್ಟುತ್ತಿದ್ದಳು. ಕಣ್ಣು ಕೈ ಮೇಲೆ ಇರುತ್ತಲೇ ಇರಲಿಲ್ಲ.

ಬೀಡಿಯನ್ನು ಹೊಗಳಲಿಕ್ಕೆ ಬಂದಿಲ್ಲ, ಅದು ಮೊದಲೇ ಹೇಳಿಬಿಡುತ್ತೇನೆ. ಸೇದುವವನ ಎದೆಗೆ ಅದು ಏನು ಮಾಡುತ್ತದೋ ಗೊತ್ತಿದೆ. ಕಟ್ಟುವವಳ ಎದೆಗೂ ಆ ಧೂಳು ಹೋಗುತ್ತದೆ. ಅಮ್ಮನ ಕೆಮ್ಮು ಕೇಳುತ್ತಲೇ ನಾವು ದೊಡ್ಡವರಾದೆವು.

ಈಗ ಬ್ರಾಂಚಿನ ಒಳಗೆ ಬನ್ನಿ. ಮೇಜಿನ ಆಚೆ ಚೆಕ್ಕರ್. ಈಚೆ ಹೆಂಗಸರ ಸಾಲು. 25ರ ಕಟ್ಟುಗಳನ್ನು ಮೇಜಿನ ಮೇಲೆ ಸುರಿಯಬೇಕು. ಅವನು ಒಂದು ಕಟ್ಟು ಎತ್ತಿ ಹೆಬ್ಬೆರಳಲ್ಲಿ ಒತ್ತುತ್ತಾನೆ. ಇದು ಸಡಿಲ, ಇದು ಗಿಡ್ಡ, ಇದರ ಎಲೆ ಕಪ್ಪು. ಮುರಿದು ಬುಟ್ಟಿಗೆ. ಎಲೆ ಕೊಟ್ಟವನೂ ಅವನೇ, ಎಲೆ ಕೆಟ್ಟದ್ದು ಅನ್ನುವವನೂ ಅವನೇ. ಎಲೆ ಸಾಲದೆ ಬಂದರೆ ಅಂಗಡಿಯಲ್ಲಿ ಕೈಯಿಂದ ದುಡ್ಡು ಹಾಕಿ ಎಲೆ ತಂದು ಲೆಕ್ಕ ತುಂಬಿಸಬೇಕು. ಇಷ್ಟೆಲ್ಲ ಆದ ಮೇಲೆ ಅಮ್ಮ ಯಾರ ಕೆಲಸದವಳು ಅಂತ ಕೇಳಿದರೆ ಕಂಪನಿ ಹೇಳುತ್ತಿತ್ತು: ನಮ್ಮವಳಲ್ಲ. ಕಂಟ್ರಾಕ್ಟರ್ ಹೇಳುತ್ತಿದ್ದ: ನಾನು ಬರೀ ಕಮಿಷನ್ ಮನುಷ್ಯ. ಅವಳು ಮನೆಯಲ್ಲಿ ಕೂತು, ಬೇಕಾದಾಗ ಕಟ್ಟಿ, ಬೇಡವಾದಾಗ ಮಲಗುವವಳು. ಸ್ವತಂತ್ರಳು!

ಈ ಮಾತು ಎಲ್ಲೋ ಕೇಳಿದ ಹಾಗೆ ಇದೆ ಅಲ್ವಾ? ‘ಬೇಕಾದಾಗ ಲಾಗಿನ್ ಆಗಿ, ಬೇಡವಾದಾಗ ಲಾಗೌಟ್ ಆಗಿ. ನಿಮಗೆ ನೀವೇ ಬಾಸ್.’

ಬೀಡಿಯವರು ಈ ಜಗಳವನ್ನು ಕೋರ್ಟಿಗೆ ಒಯ್ದು ಅರವತ್ತು ವರ್ಷ ದಾಟಿತು. ನಾಗಪುರದ ಒಂದು ಬೀಡಿ ಕಾರ್ಖಾನೆಯ ಪ್ರಕರಣ 1960ರ ಹೊತ್ತಿಗೆ ಸುಪ್ರೀಂ ಕೋರ್ಟಿಗೆ ಬಂತು. ಕೆಲಸಗಾರರು ರಜೆಯ ಹಕ್ಕು ಕೇಳಿದ್ದರು. ಮಾಲೀಕರ ವಾದ ಏನು? ಇವರು ಬೆಳಿಗ್ಗೆ ಯಾವಾಗಲೋ ಬರುತ್ತಾರೆ, ಯಾವಾಗಲೋ ಎದ್ದು ಹೋಗುತ್ತಾರೆ, ಕಟ್ಟಿದಷ್ಟಕ್ಕೆ ಕೂಲಿ, ಇವರು ಕಾರ್ಮಿಕರು ಹೇಗಾಗುತ್ತಾರೆ ಅಂತ. ಕೋರ್ಟು ಒಪ್ಪಲಿಲ್ಲ. ದಿನದ ಕೊನೆಗೆ ಸರಿ ಇಲ್ಲದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವನ ಹತೋಟಿ ಆ ಕೆಲಸದ ಮೇಲೆ ಇದೆ, ಇವರು ಕಾರ್ಮಿಕರೇ ಅಂದಿತು. ವಕೀಲರ ಭಾಷೆ ಬಿಟ್ಟು ಹೇಳಿದರೆ, ಕಟ್ಟು ಮುರಿದು ಬುಟ್ಟಿಗೆ ಹಾಕುವವನು ಧಣಿ.

ಸಲೀಸಾಗಿ ಮುಗಿಯಲಿಲ್ಲ ಅನ್ನಿ. ಸ್ವಲ್ಪ ಸಮಯದಲ್ಲೇ ಅದೇ ಕೋರ್ಟು ಇನ್ನೊಂದು ಬೀಡಿ ಪ್ರಕರಣದಲ್ಲಿ ಉಲ್ಟಾ ಹೇಳಿತು. ಆಮೇಲೆ ಮದ್ರಾಸಿನ ಕಡೆಯ ಪ್ರಕರಣದಲ್ಲಿ, ನಡುವೆ ನಿಂತ ಕಂಟ್ರಾಕ್ಟರ್ ಬರೀ ಬೇನಾಮಿ ಗೊಂಬೆ, ನಿಜವಾದ ಮಾಲೀಕ ಕಂಪನಿಯೇ ಅಂದಿತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತು. ಕಂಪನಿಗಳು ಅದನ್ನೂ ಪ್ರಶ್ನೆ ಮಾಡಿದವು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದ ಆ ತೀರ್ಪಿಗೆ ಇವತ್ತಿಗೂ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣ ಅಂತಲೇ ಹೆಸರು. ಪಿಎಫ್ 1977ರಲ್ಲಿ ಬೀಡಿಗೆ ಬಂತು, ಮತ್ತೆ ಜಗಳ, 1985ರಲ್ಲಿ ಮತ್ತೆ ತೀರ್ಪು: ಮನೆಯಲ್ಲಿ ಕಟ್ಟುವವಳಿಗೂ ಪಿಎಫ್ ಉಂಟು. ಇಪ್ಪತ್ತೈದು ವರ್ಷ ಬೇಕಾಯಿತು ನೋಡಿ, ‘ಇವಳು ನಮ್ಮ ಕೆಲಸದವಳು’ ಅಂತ ಒಂದು ಸಾಲು ಬರೆಸಲಿಕ್ಕೆ.

ಅಮ್ಮನಿಗೆ ಈ ತೀರ್ಪುಗಳ ಹೆಸರು ಒಂದೂ ಗೊತ್ತಿಲ್ಲ. ಆದರೆ ಪಾಸ್ ಬುಕ್ಕಿನ ಬೆಲೆ ಗೊತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಹೆಸರಲ್ಲಿ ಪುಸ್ತಕವೇ ಇರಲಿಲ್ಲ. ಅಜ್ಜಿಯ ಪುಸ್ತಕಕ್ಕೆ ಇವಳ ಬೀಡಿ ಹೋಗುತ್ತಿತ್ತು. ಬ್ರಾಂಚಿನವರು ಪುಸ್ತಕ ಕೊಡಲು ಇಲ್ಲದ ನೆಪ ಹೇಳುತ್ತಿದ್ದರು. ಕೊನೆಗೆ ಯೂನಿಯನ್ನಿನವರು ಬಂದು ಬ್ರಾಂಚಿನ ಮುಂದೆ ಕೂತ ಮೇಲೆ ಪುಸ್ತಕ ಬಂತು. ಅಪ್ಪನ ಹೆಸರಲ್ಲಿ ಮನೆ, ಗದ್ದೆ ದೊಡ್ಡಪ್ಪನ ಹೆಸರಲ್ಲಿ. ಅಮ್ಮನ ಹೆಸರು ಬರೆದಿದ್ದ ಮೊದಲ ಕಾಗದ ಈ ಪುಸ್ತಕವೇ.

ಈಗ ಯಂತ್ರದ ಮಾತು. ಸಿಗರೇಟ್ ಮಾಡುವ ಯಂತ್ರ ನಿಮಿಷಕ್ಕೆ ಸಾವಿರಾರು ಉಗುಳುತ್ತದೆ. ಅಮ್ಮ ಇಡೀ ದಿನ ಕೂತರೆ 800. ಹಾಗಾದರೆ ಬೀಡಿ ಕಟ್ಟುವವರು ಯಾವತ್ತೋ ಇಲ್ಲವಾಗಬೇಕಿತ್ತಲ್ಲ? ಆಗಲಿಲ್ಲ. ದೇಶದಲ್ಲಿ ನೋಂದಾಯಿತ ಬೀಡಿ ಕಾರ್ಮಿಕರೇ ಸುಮಾರು 50 ಲಕ್ಷ ಅಂತ ಸರ್ಕಾರದ ಲೆಕ್ಕ. ಹೆಂಗಸರ ಕೈಗೂಲಿ ಅಷ್ಟು ಅಗ್ಗವಾಗಿತ್ತು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ತೆರಿಗೆ. ಕೈಯಲ್ಲಿ ಕಟ್ಟಿದ ಬೀಡಿಗೆ ಕಡಿಮೆ ಅಬಕಾರಿ ಸುಂಕ, ಯಂತ್ರದ ಬೀಡಿಗೆ ಜಾಸ್ತಿ. ಯಾವ ಯಂತ್ರ ಯಾವ ಊರಿಗೆ ಯಾವಾಗ ಬರಬೇಕು ಅನ್ನುವುದನ್ನು ದೆಹಲಿಯ ಒಂದು ಸುಂಕದ ಪಟ್ಟಿ ತೀರ್ಮಾನ ಮಾಡುತ್ತಿತ್ತು. ತಂತ್ರಜ್ಞಾನ ಮಳೆಯ ಹಾಗೆ, ಬಂದರೆ ಬಂತು, ಯಾರೂ ತಡೆಯಲಾಗದು ಅಂತ ಯಾರಾದರೂ ಹೇಳಿದರೆ ನನಗೆ ಈ ಪಟ್ಟಿ ನೆನಪಾಗುತ್ತದೆ.

ನೀತಿ ಎಡವಿದ್ದೂ ಉಂಟು. 1968ರಲ್ಲಿ ಕೇರಳ ಆ ಬೀಡಿ ಕಾಯ್ದೆಯನ್ನು ಗಟ್ಟಿಯಾಗಿ ಜಾರಿ ಮಾಡಲು ಹೊರಟಿತು. ಮಂಗಳೂರಿನ ದೊಡ್ಡ ಕಂಪನಿ ಕಣ್ಣೂರಿನಲ್ಲಿ ಕೆಲಸ ನಿಲ್ಲಿಸಿತು. ಸುಮಾರು 12,000 ಜನ ಬೀದಿಗೆ ಬಿದ್ದರು. ಕೆಲಸ ಗಡಿ ದಾಟಿ ಈಚೆ ಬಂತು. ಎಲೆ, ಹೊಗೆಸೊಪ್ಪು, ನೂಲು ಇದ್ದರೆ ಬೀಡಿಯನ್ನು ಯಾವ ಜಗಲಿಯಲ್ಲಾದರೂ ಕಟ್ಟಬಹುದು ನೋಡಿ. ಅವರ ಕಾನೂನು ಬಿಗಿಯಾದಾಗ ನಮ್ಮ ಅಮ್ಮಂದಿರಿಗೆ ಕೆಲಸ ಸಿಕ್ಕಿತು. ಇದನ್ನು ಹೇಳುವಾಗ ನನಗೆ ಸ್ವಲ್ಪ ಮುಜುಗರವೇ. ಕಣ್ಣೂರಿನವರು ಸುಮ್ನೆ ಕೂರಲಿಲ್ಲ. 1969ರಲ್ಲಿ ದಿನೇಶ್ ಬೀಡಿ ಅಂತ ಸಹಕಾರ ಸಂಘ ಕಟ್ಟಿದರು. ಬೀಡಿಗೆ ಕಾಲ ಇಲ್ಲ ಅಂತ ಗೊತ್ತಾದಾಗ ಅದೇ ಸಂಘ ತೆಂಗಿನ ಹಾಲು, ಕೊಡೆ ಎಲ್ಲ ಮಾಡಲು ಹೊರಟಿತು. ನಮ್ಮ ಕಡೆ ಅಂಥದ್ದೊಂದು ನಡೆಯಲಿಲ್ಲ. ಯಾಕೆ ಅಂತ ಒಂದು ಬೇರೆ ಉಪನ್ಯಾಸವೇ ಬೇಕು.

ಇನ್ನು ಸಂಪತ್ತಿನ ಮಾತು. ಬೀಡಿಯಿಂದ ಕಂಪನಿಯ ಮನೆಗಳಿಗೆ ಬಂದ ಸಂಪತ್ತು ಎಲ್ಲರೂ ನೋಡಿದ್ದೇ. ಕಟ್ಟುವವರ ಮನೆಗೆ ಬಂದದ್ದು ಬೇರೆ ತರಹ. ಸಂಜೆ ಪಿಗ್ಮಿಯವರು ಬರುತ್ತಿದ್ದರು. ಪಿಗ್ಮಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯಿಂದ. ಬಾಗಿಲಿಗೆ ಬಂದು ದಿನಕ್ಕೆ ಒಂದೆರಡು ರೂಪಾಯಿ ಬರೆದುಕೊಂಡು ಹೋಗುವ ಲೆಕ್ಕ. ಅಮ್ಮನ ಪಿಗ್ಮಿಯಿಂದ ನನ್ನ ಕಾಲೇಜು ಫೀಸು. ಪಿಎಫ್‌ನಿಂದ ತಂಗಿಯ ಮದುವೆಗೆ ಎರಡು ಬಳೆ. ಅಷ್ಟೇ ಸಂಪತ್ತು, ಆದರೆ ಅದಕ್ಕೆ ಲೆಕ್ಕ ಇತ್ತು, ಪುಸ್ತಕ ಇತ್ತು. ಆ ಪಿಗ್ಮಿಯವರು ಕೂಡ ಬ್ಯಾಂಕಿನ ನೌಕರರಲ್ಲ, ಬರೀ ಕಮಿಷನ್. ಅವರೂ ಕಾರ್ಮಿಕರೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಮೇಜಿನ ಈಚೆ ಕೂತು ನಾನು ಅವರಿಗೆ ವರ್ಷಗಟ್ಟಲೆ ಚಹಾ ಕುಡಿಸಿದ್ದೇನೆ, ಒಂದು ದಿನವೂ ಅದು ನನಗೆ ಹೊಳೆದಿರಲಿಲ್ಲ.

ಇನ್ನೊಂದು ಹಣ ಇತ್ತು, ಅದರ ಕಥೆ ಯಾರೂ ಹೇಳುವುದಿಲ್ಲ. 1976ರಲ್ಲಿ ಬೀಡಿ ಮೇಲೆ ಒಂದು ಸೆಸ್ ಹಾಕಿದರು. ಮೊದಲು ಹೊಗೆಸೊಪ್ಪಿನ ಲೆಕ್ಕದಲ್ಲಿ, ಆಮೇಲೆ ಸಾವಿರ ಬೀಡಿಗೆ ಇಷ್ಟು ಅಂತ. ಕೊನೆಕೊನೆಗೆ ಕಾನೂನಿನಲ್ಲಿದ್ದ ಮಿತಿ ಸಾವಿರಕ್ಕೆ 5 ರೂಪಾಯಿ. ಚಿಲ್ಲರೆ ಹಣ. ಆದರೆ ಅದು ನೇರವಾಗಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗುತ್ತಿತ್ತು. ಆ ನಿಧಿಯಿಂದ ಔಷಧಾಲಯ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯಧನ. ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗೆ ಅಂತಲೇ ಒಂದು ಆಸ್ಪತ್ರೆ ಇದೆ. ಧಣಿ ಯಾರೇ ಆಗಲಿ, ಬ್ರಾಂಚು ಬದಲಾಗಲಿ, ಬೀಡಿ ಕಟ್ಟಿದ ಕಡೆ ಸೆಸ್ ಬೀಳುತ್ತಿತ್ತು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಬೀಡಿಗೆ 28 ಶೇಕಡಾ. ಹತ್ತಾರು ಸಣ್ಣ ತೆರಿಗೆ, ಸೆಸ್‌ಗಳನ್ನು ಗುಡಿಸಿ ಒಂದು ಮಾಡುವಾಗ ಬೀಡಿ ಸೆಸ್ಸೂ ಹೋಯಿತು. ಯಾರಿಗೂ ಬೀಡಿಯವರ ಮೇಲೆ ಸಿಟ್ಟಿರಲಿಲ್ಲ. ಗುಡಿಸುವಾಗ ಹೋಯಿತು, ಅಷ್ಟೇ. ವಿದ್ಯಾರ್ಥಿವೇತನ ನಿಂತಿಲ್ಲ, ಈಗ ಬಜೆಟ್ಟಿನಿಂದ ಕೊಡುತ್ತಾರೆ. ಬ್ಯಾಂಕಿನವನಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ಅದು ಅವಳ ಖಾತೆಯ ಹಣ, ಈಗ ಮಂಜೂರಾದರೆ ಬರುವ ಹಣ.

ಈಗ ನನ್ನ ತಂಗಿಯ ಮಗನ ವಿಷಯಕ್ಕೆ ಬರುತ್ತೇನೆ. ಡಿಪ್ಲೊಮಾ ಮಾಡಿದ್ದಾನೆ. ಬೆಂಗಳೂರಿನಲ್ಲಿ ಒಂದು ಡೆಲಿವರಿ ಆ್ಯಪ್‌ಗೆ ಬೈಕ್ ಓಡಿಸುತ್ತಾನೆ. ಯಾವುದು ಅಂತ ಬೇಡ, ಎಲ್ಲದರ ಕಥೆ ಒಂದೇ. ಬೆಳಿಗ್ಗೆ ಟೀ ಶರ್ಟ್ ಹಾಕಿ, ಫೋನಿಗೆ ಮುಖ ತೋರಿಸಿ ಸೆಲ್ಫಿ ಕೊಟ್ಟರೆ ಲಾಗಿನ್. ಬೈಕ್ ಅವನದ್ದು, ಇಎಂಐ ಅವನದ್ದು, ಪೆಟ್ರೋಲ್, ಫೋನು, ಡೇಟಾ ಎಲ್ಲ ಅವನದ್ದು. ಅಮ್ಮನ ಕತ್ತರಿ, ತಡ್ಪೆ, ಚಿಮಿಣಿ ಎಣ್ಣೆಯ ಹಾಗೆ. ಅವನನ್ನು ‘ಪಾರ್ಟ್ನರ್’ ಅಂತ ಕರೆಯುತ್ತಾರೆ. ನಾನು ಬ್ಯಾಂಕಿನಲ್ಲಿ ನೂರಾರು ಪಾಲುದಾರಿಕೆ ಪತ್ರ ನೋಡಿದ್ದೇನೆ. ಒಬ್ಬ ಪಾರ್ಟ್ನರ್ ಇನ್ನೊಬ್ಬನನ್ನು ರಾತ್ರಿ ಹತ್ತು ಗಂಟೆಗೆ ಬ್ಲಾಕ್ ಮಾಡಬಹುದು ಅನ್ನುವ ಷರತ್ತು ಒಂದರಲ್ಲೂ ಇರಲಿಲ್ಲ.

ಅವನ ಐಡಿ ಬ್ಲಾಕ್ ಆದದ್ದು ಹಾಗೇ. ಗ್ರಾಹಕರೊಬ್ಬರು ಆರ್ಡರ್ ಬಂದಿಲ್ಲ ಅಂದರಂತೆ. ಇವನು ಬಾಗಿಲಿಗೆ ಕೊಟ್ಟು ಬಂದಿದ್ದೇನೆ ಅನ್ನುತ್ತಾನೆ. ಹೇಳುವುದು ಯಾರಿಗೆ? ಚಾಟ್‌ನಲ್ಲಿ ಕೇಳಿದರೆ ‘ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ’ ಅಂತ ಉತ್ತರ. ಮತ್ತೆ ಕೇಳಿದರೆ ಮತ್ತೆ ಅದೇ. ಒಂಬತ್ತು ದಿನ ಹೀಗೇ. ಹತ್ತನೇ ದಿನ ತಾನಾಗಿ ಓಪನ್ ಆಯಿತು, ಯಾಕೆ ಬ್ಲಾಕ್ ಆಗಿತ್ತು, ಯಾಕೆ ಓಪನ್ ಆಯಿತು, ಎರಡೂ ತಿಳಿಯಲಿಲ್ಲ. ಅಮ್ಮನ ಚೆಕ್ಕರ್‌ಗೆ ಒಂದು ಮುಖ ಆದರೂ ಇತ್ತು. ಅವನ ಮನೆ ಎಲ್ಲಿ, ಹೆಂಡತಿ ಯಾರು ಅಂತ ಗೊತ್ತಿತ್ತು. ಅಮ್ಮ ಅವನ ಜತೆ ಜಗಳ ಆಡಿದ್ದಾಳೆ, ಒಂದು ಸಲ ಮುರಿದ ಕಟ್ಟನ್ನು ಬುಟ್ಟಿಯಿಂದ ಎತ್ತಿಕೊಂಡು ಬಂದಿದ್ದಾಳೆ.

ಹಾಗಾದರೆ ನಾಗಪುರದ ಪ್ರಶ್ನೆಯನ್ನೇ ಇಲ್ಲಿ ಕೇಳೋಣ. ದರ ಯಾರು ಇಡುತ್ತಾರೆ? ಆರ್ಡರ್ ಯಾರು ಹಂಚುತ್ತಾರೆ? ಸರಿ ಇಲ್ಲ ಅಂತ ಯಾರು ವಾಪಸು ಕಳಿಸುತ್ತಾರೆ? 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರ ವಿಷಯದಲ್ಲಿ ಸುಮಾರಾಗಿ ಇದನ್ನೇ ಕೇಳಿ, ಅವರಿಗೆ ಕಾರ್ಮಿಕರ ಹಕ್ಕು ಉಂಟು ಅಂದಿತು. ಜಗತ್ತೆಲ್ಲ ಹೊಸ ತೀರ್ಪು ಅಂತ ಬರೆಯಿತು. ನಮ್ಮ ಬೀಡಿಯವರು ಓದಿದ್ದರೆ ನಗುತ್ತಿದ್ದರೇನೋ.

ಇದು ಸಣ್ಣ ಸಂಖ್ಯೆಯೂ ಅಲ್ಲ. 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರು, ಅಂದರೆ ಕಾಯಂ ನೌಕರಿ ಇಲ್ಲದೆ ಹೀಗೆ ಮಾಡಿದ ಕೆಲಸದ ಲೆಕ್ಕದಲ್ಲಿ ದುಡಿಯುವವರು, ಇದ್ದರು, 2029–30ಕ್ಕೆ 2.35 ಕೋಟಿ ಆಗಬಹುದು ಅಂತ ನೀತಿ ಆಯೋಗದ ಅಂದಾಜು. ರಾಜಸ್ಥಾನ 2023ರಲ್ಲಿ ಇವರಿಗೆ ಅಂತ ಮೊದಲ ಕಾನೂನು ಮಾಡಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಶಾಸನಸಭೆಯಲ್ಲಿ ಕಾಯ್ದೆ ಮಾಡಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಹಣದ ಮೇಲೆ 1ರಿಂದ 5 ಶೇಕಡಾ ಕಲ್ಯಾಣ ಶುಲ್ಕ, ಅದಕ್ಕೊಂದು ಮಂಡಳಿ. ಕಾರಣ ಹೇಳದೆ, 14 ದಿನ ಮೊದಲೇ ತಿಳಿಸದೆ ತೆಗೆದುಹಾಕುವಂತಿಲ್ಲ. ಆರ್ಡರ್ ಹಂಚುವ ಲೆಕ್ಕ ಹೇಗೆ ನಡೆಯುತ್ತದೆ ಅಂತ ತಿಳಿಸಬೇಕು.

ಓದಿದ ಕೂಡಲೇ ನನಗೆ ಅನಿಸಿದ್ದು: ಇದು ನಮ್ಮ ಬೀಡಿ ಸೆಸ್ಸೇ ಅಲ್ವಾ! ಸಾವಿರ ಬೀಡಿಯ ಜಾಗದಲ್ಲಿ ಒಂದು ಆರ್ಡರ್. ಅದಕ್ಕೇ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಖುಷಿ ಯಾಕೆ ಅಂದರೆ ಇದು ನಡೆಯುವ ದಾರಿ, ನಡೆದು ನೋಡಿದ್ದೇವೆ. ಹೆದರಿಕೆ ಯಾಕೆ ಅಂದರೆ ಇನ್ನೊಂದು ಗುಡಿಸುವ ದಿನ ಬಂದಾಗ ಇದಕ್ಕೆ ಅಡ್ಡ ನಿಲ್ಲುವವರು ಬೇಕು. 2017ರಲ್ಲಿ ನಾವು ಯಾರೂ ನಿಲ್ಲಲಿಲ್ಲ. ನಾನೇ ಆ ವಾರ ಬ್ಯಾಂಕಿನಲ್ಲಿ ಜಿಎಸ್‌ಟಿ ನಂಬರು ಕೇಳುವ ಗಡಿಬಿಡಿಯಲ್ಲಿದ್ದೆ.

ಸಭೆಯಲ್ಲಿ ಒಬ್ಬರು ಎದ್ದು ಒಳ್ಳೆಯ ಪ್ರಶ್ನೆ ಕೇಳಿದರು. ಜಾಸ್ತಿ ಬಿಗಿ ಮಾಡಿದರೆ ಕಂಪನಿಗಳು ಬೇರೆ ರಾಜ್ಯಕ್ಕೆ ಹೋಗುವುದಿಲ್ಲವೇ, ಕಣ್ಣೂರಿನ ಹಾಗೆ? ನಾನು ಕೇಳಿದೆ, ಸಾರ್, ಬೀಡಿಯನ್ನು ಕಣ್ಣೂರಿನ ಬದಲು ವಿಟ್ಲದಲ್ಲಿ ಕಟ್ಟಬಹುದು. ಬಸವನಗುಡಿಯವರು ಆರ್ಡರ್ ಮಾಡಿದ ಬಿರಿಯಾನಿಯನ್ನು ಹೊಸೂರಿನಲ್ಲಿ ಡೆಲಿವರಿ ಮಾಡಲಿಕ್ಕಾಗುತ್ತದೆಯೇ? ಎಲ್ಲರೂ ನಕ್ಕರು. ಆದರೆ ವಿಷಯ ನಿಜ. ಈ ಕೆಲಸಕ್ಕೆ ಊರು ಬಿಟ್ಟು ಓಡಲು ಕಾಲಿಲ್ಲ. ಬೀಡಿಯವರಿಗೆ ಇಲ್ಲದ ಬಲ ಇವರಿಗೆ ಇದೆ. ಕಂಪನಿ ಓಡಲಾರದು, ಆದರೆ ಆ ಕಲ್ಯಾಣ ಶುಲ್ಕವನ್ನು ಬಿಲ್ಲಿನಲ್ಲಿ ಇನ್ನೊಂದು ಹೆಸರಿನ ಫೀಸು ಮಾಡಿ ನಮ್ಮ ಮೇಲೆ ಹಾಕಬಹುದು, ಅಥವಾ ಹುಡುಗನ ಇನ್ಸೆಂಟಿವ್‌ನಿಂದ ಮೆಲ್ಲನೆ ಕಳೆಯಬಹುದು. ನೋಡಬೇಕಾದ ಜಾಗ ಅದು.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿ ‘ಗಿಗ್ ಕೆಲಸಗಾರ’ ಅನ್ನುವ ಹೆಸರು ಮೊದಲ ಸಲ ದೇಶದ ಕಾನೂನಿಗೆ ಬಂತು. ಅದೇ ದಿನ 1966ರ ಬೀಡಿ ಕಾಯ್ದೆ ಇನ್ನೊಂದು ಸಂಹಿತೆಯ ಹೊಟ್ಟೆಯೊಳಗೆ ಸೇರಿಹೋಯಿತು. ಪತ್ರಿಕೆಯಲ್ಲಿ ಎರಡನ್ನೂ ಒಂದೇ ಸುದ್ದಿಯಲ್ಲಿ ಯಾರೂ ಬರೆದದ್ದು ನಾನು ನೋಡಲಿಲ್ಲ.

ಅದೇ ತಿಂಗಳು ನಾನು ಊರಿಗೆ ಹೋಗಿದ್ದೆ. ನವೆಂಬರ್ ಬಂದರೆ ಅಮ್ಮನಿಗೆ ಒಂದು ಚಿಂತೆ. ಬದುಕಿದ್ದೇನೆ ಅಂತ ಪಿಎಫ್‌ನವರಿಗೆ ತೋರಿಸಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಪಿಂಚಣಿ ಅಂದರೆ ದೊಡ್ಡದೇನಲ್ಲ, 2014ರಲ್ಲಿ ಕನಿಷ್ಠ 1,000 ರೂಪಾಯಿ ಅಂತ ಮಾಡಿದರು, ಅಲ್ಲೇ ಇದೆ. ಹೆಬ್ಬೆಟ್ಟು ಒತ್ತುವ ಯಂತ್ರಕ್ಕೆ ಅಮ್ಮನ ಬೆರಳು ಸಿಗುವುದಿಲ್ಲ. ನಲವತ್ತು ವರ್ಷ ಎಲೆ ಮಡಚಿ ಮಡಚಿ ಗೆರೆಗಳೇ ಸವೆದು ಹೋಗಿವೆ. ಒರೆಸಿ, ಎಣ್ಣೆ ಹಚ್ಚಿ, ಎಡಗೈ ಬಲಗೈ ಎಲ್ಲ ಇಟ್ಟು ನೋಡಿದ್ದಾಯಿತು.

ತಂಗಿಯ ಮಗ ರಜೆಯಲ್ಲಿ ಬಂದಿದ್ದ. ‘ಮಾವ, ಈಗ ಮುಖ ತೋರಿಸಿದರೂ ಆಗ್ತದೆ’ ಅಂತ ಫೋನು ತೆಗೆದ. ಅಜ್ಜಿಯನ್ನು ಜಗಲಿಯ ಬೆಳಕಿಗೆ ಕೂರಿಸಿದ. ಕಣ್ಣು ಮಿಟುಕಿಸಿ ಅಜ್ಜಿ ಅಂದ. ಮಿಟುಕಿಸಿದಳು. ಒಂದು ನಿಮಿಷದಲ್ಲಿ ಕೆಲಸ ಮುಗಿಯಿತು. ‘ನಾನೂ ದಿನಾ ಬೆಳಿಗ್ಗೆ ಹೀಗೇ ಮುಖ ತೋರಿಸುವುದು’ ಅಂದ.

ನಮ್ಮದು ಮನೆಯಲ್ಲಿ ತುಳು, ಕನ್ನಡದಲ್ಲಿ ಹೇಳುತ್ತೇನೆ. ಅಮ್ಮ ಕೇಳಿದಳು: ‘ನಿನ್ನ ಪುಸ್ತಕ ಎಲ್ಲಿ?’

ಅವನು ಫೋನು ತೋರಿಸಿದ. ವಾರದ ಲೆಕ್ಕ, ಎಷ್ಟು ಆರ್ಡರ್, ಎಷ್ಟು ಹಣ, ಎಲ್ಲ ಇತ್ತು.

‘ಅವರು ಇದನ್ನು ಬಂದ್ ಮಾಡಿದರೆ?’

ಅವನು ಉತ್ತರ ಕೊಡಲಿಲ್ಲ. ಬೆಂಗಳೂರಿಗೆ ಹೋದ ಮೇಲೆ ದಿನಾ ರಾತ್ರಿ ಲಾಗೌಟ್ ಆಗುವ ಮುಂಚೆ ಆ ದಿನದ ಲೆಕ್ಕದ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸುತ್ತಾನೆ. ಫೋನಿನಲ್ಲಿ ಜಾಗ ಇಲ್ಲ ಮಾರಾಯ ಅಂದರೂ ಬಿಡುವುದಿಲ್ಲ. ಇವತ್ತು ಇಲ್ಲಿಗೆ ಬರುವ ಹೊತ್ತಿಗೂ ನಿನ್ನೆಯದು ಬಂದು ಕೂತಿತ್ತು: 23 ಆರ್ಡರ್.